ದಿನ್ನೆಯ ಮನೆಯ ಸುತ್ತ ಎಳೆದ ಗೆರೆ

ಬೀಳ್ಕೊಡುಗೆಯ ದಿನ ನನಗೆ ಶಾಲು ಹೊದಿಸಿ ಮಾತಾಡಿದವರೆಲ್ಲ ಒಂದೇ ಮಾತು ಹೇಳಿದರು: ಕಾಂಬಳೆಯವರು ಒಂದು ಗೆರೆಯನ್ನೂ ತಪ್ಪಾಗಿ ಎಳೆದವರಲ್ಲ. ನಾನು ಕೈಮುಗಿದು ಕೂತಿದ್ದೆ. ಅಂಥ ಹೊತ್ತಿನಲ್ಲಿ ಎದ್ದು ನಿಂತು ಅದು ಸುಳ್ಳು ಎನ್ನುವ ಧೈರ್ಯ ನನಗೆ ಬರಲಿಲ್ಲ. ಪೇಡೆ ತಿಂದು, ಶಾಲು ಮಡಚಿಕೊಂಡು ಮನೆಗೆ ಬಂದೆ.

ಈಗ ಚಿಕ್ಕೋಡಿಯ ಮನೆಯಲ್ಲಿ ಬೆಳಗಿನ ಚಹಾ ಮುಗಿದರೆ ಊಟದ ತನಕ ಕೆಲಸವಿಲ್ಲ. ಮೊಣಕಾಲು ಎರಡೂ ಸವೆದಿವೆ. ಭೂಮಾಪಕನ ಕೆಲಸಕ್ಕೆ ಹೊಸದಾಗಿ ಸೇರುತ್ತಿರುವ ಹುಡುಗ ಹುಡುಗಿಯರು ಆಗಾಗ ಫೋನ್ ಮಾಡಿ ಅದು ಹೇಗೆ ಸರ್, ಇದು ಹೇಗೆ ಸರ್ ಎಂದು ಕೇಳುತ್ತಾರೆ. ಅವರು ಕೇಳುವುದು ಯಂತ್ರದ ವಿಚಾರ. ಯಂತ್ರ ಅವರಿಗೇ ನನಗಿಂತ ಚೆನ್ನಾಗಿ ಗೊತ್ತು. ಅವರು ಕೇಳದೆ ಇರುವುದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಮ್ಮದು ಬೋರಗಾಂವ. ನಮ್ಮಪ್ಪ ಬೇರೆಯವರ ಹೊಲದಲ್ಲಿ ದುಡಿದವನು. ನಮ್ಮ ಹೆಸರಿನಲ್ಲಿ ಒಂದು ಗುಂಟೆಯ ಉತಾರವೂ, ಅಂದರೆ ಪಹಣಿಯೂ, ಇರಲಿಲ್ಲ. ಅಂಥ ಮನೆಯ ಮಗ ಅಳತೆಯ ಸರಪಳಿ ಹೊತ್ತು ದೊಡ್ಡ ದೊಡ್ಡ ಕಬ್ಬಿನ ತೋಟದವರ ಹೊಲಕ್ಕೆ ಹೋಗಿ ನಿಮ್ಮ ಗಡಿ ಇಲ್ಲಿಗೆ ಮುಗಿಯಿತು ಎಂದು ಹೇಳಬೇಕು. ಮೊದಮೊದಲು ಕೆಲವರು ನನಗೆ ಚಹಾವನ್ನು ಗಿಡದ ಕೆಳಗೇ ತಂದುಕೊಟ್ಟರು. ಒಳಗೆ ಬರ್ರಿ ಎಂದವರೂ ಇದ್ದರು. ಯಾರು ಎಲ್ಲಿ ಕೂರಿಸುತ್ತಾರೆ ಎನ್ನುವುದು ಅಂಗಳಕ್ಕೆ ಕಾಲಿಡುವ ಮೊದಲೇ ನನಗೆ ಗೊತ್ತಾಗುತ್ತಿತ್ತು. ಅದನ್ನು ಯಾವ ನಕ್ಷೆಯೂ ತೋರಿಸುವುದಿಲ್ಲ. ಅದರ ಬಗ್ಗೆ ಹೆಚ್ಚು ಬರೆಯಲು ನನಗೆ ಮನಸ್ಸಿಲ್ಲ.

ಕೆಲಸ ಕಲಿಸಿದವನು ಲಗಮಣ್ಣ. ಸರಪಳಿಯ ಇನ್ನೊಂದು ತುದಿ ಹಿಡಿಯುವ ನೌಕರ, ನನಗಿಂತ ಇಪ್ಪತ್ತು ವರ್ಷ ದೊಡ್ಡವನು. ರಾಯಬಾಗದ ಕಡೆ ನನ್ನ ಮೊದಲ ವರ್ಷವೇ ಒಂದು ಎಡವಟ್ಟು ಮಾಡಿಕೊಂಡೆ. ಹಳೆಯ ಕಾಗದದಲ್ಲಿ ‘ಪಶ್ಚಿಮಕ್ಕೆ ಹಳ್ಳ’ ಎಂದಿತ್ತು. ಹಳ್ಳ ಕಣ್ಣೆದುರಿಗೇ ಹರಿಯುತ್ತಿತ್ತು. ಅದರ ದಂಡೆಯವರೆಗೆ ಅಳೆದು, ಕಲ್ಲು ನೆಡಿಸಿ, ಹಣೆಯ ಬೆವರು ಒರೆಸಿಕೊಂಡೆ. ಲಗಮಣ್ಣ ಬೀಡಿ ಸೇದುತ್ತ ಸುಮ್ಮನೆ ನಿಂತಿದ್ದ.

“ಏನಾರ ತಪ್ಪಾತೇನೋ ಲಗಮಣ್ಣಾ?” ಎಂದೆ.

“ಅಳತಿ ಬರಾಬರಿ ಐತ್ರಿ. ಹಳ್ಳ ಬರಾಬರಿ ಇಲ್ಲ.”

ಅವನು ನನ್ನನ್ನು ಕಬ್ಬಿನ ಸಾಲಿನೊಳಗೆ ಮೂವತ್ತು ಹೆಜ್ಜೆ ಕರೆದುಕೊಂಡು ಹೋದ. ಕಾಲಲ್ಲಿ ಮಣ್ಣು ಕೆದರಿದ. ಅಲ್ಲಿಂದ ಹೊಲದ ಕಡೆ ಕರಿ ಮಣ್ಣು, ಹಳ್ಳದ ಕಡೆ ಉಸುಕು. “ಕಾಗದ ಬರದಾಗ ಹಳ್ಳ ಇಲ್ಲಿ ಹರೀತಿತ್ರಿ. ಈಗ ಅತ್ಲಾಗ ಹೋಗೇತಿ. ನೀವು ಬಂದೀರಿ ಅಂತ ಅದು ನಿಂದ್ರೂದಿಲ್ಲ,” ಎಂದ. ನೆಟ್ಟ ಕಲ್ಲನ್ನು ಅಂದೇ ಕೀಳಿಸಿದೆ. ಮೇಲಿನವರಿಂದ ಬೈಸಿಕೊಂಡೆ.

ಅಥಣಿಯ ಕಡೆ ಇಬ್ಬರು ಅಣ್ಣತಮ್ಮಂದಿರ ದ್ರಾಕ್ಷಿ ತೋಟ ಪಾಲು ಮಾಡುವಾಗ ನಡುವಿನ ಬದು ಯಾರದು ಎಂಬ ಜಗಳ ಬಂತು. ಬದುವಿಗೆ ಎರಡು ಮೊಳ ಅಗಲ. ಅದರ ಮೇಲೆ ಹುಲ್ಲು, ಎರಡು ಬೇವಿನ ಗಿಡ. ಅಪ್ಪ ಇದ್ದಾಗ ಇಬ್ಬರೂ ಅದರ ಮೇಲೇ ಕೂತು ಬುತ್ತಿ ಉಂಡಿದ್ದರು. ಅಣ್ಣ ಕೇಳಿದ: “ಸಾಹೇಬ್ರ, ಬದುವಿನ ಆ ಕಡಿ ಗೆರಿ ಎಳೀತೀರೋ, ಈ ಕಡಿ ಎಳೀತೀರೋ?” ನಾನು ನಟ್ಟನಡುವೆ ಎಳೆದೆ. ಮರುವರ್ಷ ಹೋದಾಗ ಬದುವೇ ಇರಲಿಲ್ಲ. ಇಬ್ಬರೂ ತಮ್ಮ ತಮ್ಮ ಅರ್ಧ ಕೆರೆದುಕೊಂಡಿದ್ದರು. ಬೇವಿನ ಗಿಡ ಸೌದೆಯಾಗಿದ್ದವು. ನನ್ನ ಲೆಕ್ಕ ಸರಿಯಾಗಿಯೇ ಇತ್ತು. ಆದರೂ ಆ ದಾರಿಯಲ್ಲಿ ಹೋಗುವಾಗ ಬಸ್ಸಿನಲ್ಲಿ ಇನ್ನೊಂದು ಕಿಟಕಿಯ ಕಡೆ ಕೂರುತ್ತಿದ್ದೆ.

ಆಮೇಲೆ ಕಂಪ್ಯೂಟರ್ ಬಂತು. ಹಳೆಯ ನಕ್ಷೆಗಳನ್ನೆಲ್ಲ ಅದರೊಳಗೆ ಇಳಿಸಬೇಕೆಂದು ಆದೇಶವಾಯಿತು. ತರಬೇತಿಯಲ್ಲಿ ನಮಗೆ ಹೇಳಿದ ನಿಯಮ ಸರಳವಾಗಿತ್ತು. ಪ್ರತಿ ಗೆರೆಯೂ ಎಲ್ಲಿ ಶುರುವಾಯಿತೋ ಅಲ್ಲಿಗೇ ಬಂದು ಮುಚ್ಚಬೇಕು. ಎರಡು ಹೊಲಗಳ ನಡುವೆ ಸಂದು ಉಳಿಯಬಾರದು, ಒಂದರ ಮೇಲೊಂದು ಏರಬಾರದು. ತಪ್ಪಿದರೆ ಪರದೆಯ ಮೇಲೆ ಕೆಂಪು ಚುಕ್ಕೆ ಬರುತ್ತದೆ. ಸಂಜೆಯೊಳಗೆ ಕೆಂಪು ಚುಕ್ಕೆಗಳನ್ನೆಲ್ಲ ಅಳಿಸಿ ಮನೆಗೆ ಹೋಗಬೇಕು. ಒಂದು ಗೆರೆ ಅತ್ತ ತಳ್ಳು, ಒಂದು ಗೆರೆ ಇತ್ತ ಎಳೆ. ಜಗತ್ತಿನಲ್ಲಿ ಇರುವ ಸಂದುಗಳನ್ನೆಲ್ಲ ನಾವು ಹೀಗೆಯೇ ಮುಚ್ಚಿದೆವು.

ನಿಪ್ಪಾಣಿ ಭಾಗದ ಹೊಲಗಳ ಹೆಸರು ಬರೆಯುವಾಗ ‘ವಡಾಚಾ ಮಳಾ’ ಎಂದು ಒಂದು ಜಾಗ, ‘ಆಲದ ತೋಟ’ ಎಂದು ಇನ್ನೊಂದು ಜಾಗ ಕಂಪ್ಯೂಟರಿನಲ್ಲಿ ಸೇರಿತು. ಮರಾಠಿಯವರು ಕರೆಯುವುದು ಒಂದು, ಕನ್ನಡದವರು ಕರೆಯುವುದು ಇನ್ನೊಂದು, ಹೊಲ ಒಂದೇ. ಎರಡಕ್ಕೂ ಎರಡು ಚುಕ್ಕೆ ಬಿದ್ದಿದ್ದವು. ಅದರಲ್ಲೂ ಎಷ್ಟು ದೂರದವರೆಗೆ ಆ ಹೆಸರು ಸಲ್ಲುತ್ತದೆ ಎಂದು ಕೇಳಿದರೆ ಒಬ್ಬರ ಮಾತು ಇನ್ನೊಬ್ಬರದಕ್ಕೆ ಕೂಡುತ್ತಿರಲಿಲ್ಲ. ಅಲ್ಲಿ ಆಲದ ಗಿಡವನ್ನಂತೂ ಬದುಕಿದ್ದವರು ಯಾರೂ ಕಂಡಿರಲಿಲ್ಲ. ಇಂಥದಕ್ಕೆ ನಾವು ಕಚೇರಿಯಲ್ಲಿ ನಗುತ್ತಿದ್ದೆವು. ಆ ನಗುವಿನ ಕಾಲ ಬೇಗ ಮುಗಿಯಿತು.

ದೊಡ್ಡ ಪ್ರವಾಹ ಬಂದ ವರ್ಷ ನನ್ನನ್ನು ಕೃಷ್ಣೆಯ ದಂಡೆಯ ಊರುಗಳಿಗೆ ಹಾಕಿದರು. ಉಗಾರ ಬುದ್ರುಕ, ಜುಗೂಳ, ಆ ಸಾಲಿನ ಊರುಗಳು. ನೀರು ಇಳಿದ ಮೇಲೆ ನಮಗೆ ಬಂದ ಕೆಲಸ ಇದು: ನೀರು ಎಲ್ಲಿಯವರೆಗೆ ಬಂದಿತ್ತು ಎಂಬುದನ್ನು ನಕ್ಷೆಯಲ್ಲಿ ಒಂದು ಗೆರೆಯಿಂದ ತೋರಿಸಬೇಕು. ಗೆರೆಯ ಒಳಗೆ ಬಿದ್ದ ಮನೆಗಳವರಿಗೆ ನೀರು ಏರದ ಮೇಲಿನ ಮಡ್ಡಿಯ ಜಾಗದಲ್ಲಿ ನಿವೇಶನ ಸಿಗುತ್ತದೆ. ಹೊರಗೆ ಬಿದ್ದವರಿಗೆ ಇಲ್ಲ.

ಕೇಳಲು ಸುಲಭ. ಆದರೆ ನೀರು ಒಂದು ಕಡೆ ನಿಂತು ಇಲ್ಲಿಗೆ ಬಂದೆ ಎಂದು ಹೇಳಿ ಹೋಗುವುದಿಲ್ಲ. ಗೋಡೆಗೆ ಹತ್ತಿದ ರಾಡಿಯ ಗುರುತು, ಜಾಲಿಯ ಗಿಡಕ್ಕೆ ಸಿಕ್ಕ ಕಬ್ಬಿನ ಒಣ ಗರಿಯ ರವದಿ, ಇದನ್ನೆಲ್ಲ ನೋಡಿಕೊಂಡು ಜಿಪಿಎಸ್ ಹಿಡಿದು ನಡೆಯುತ್ತಿದ್ದೆ. ಜನರನ್ನು ಕೇಳಿದರೆ ಒಬ್ಬರು ಕಟ್ಟೆ ಎನ್ನುತ್ತಾರೆ, ಒಬ್ಬರು ಕಟ್ಟೆಯ ಮೇಲಿನ ಕಂಬ ಎನ್ನುತ್ತಾರೆ. ಯಾರೂ ಸುಳ್ಳು ಹೇಳುತ್ತಿರಲಿಲ್ಲ. ಸೋಮವಾರ ಒಂದು ಕಡೆ ಇದ್ದ ನೀರು ಗುರುವಾರ ಇನ್ನೊಂದು ಕಡೆ ಇತ್ತು, ಅಷ್ಟೇ.

ಜುಗೂಳದಿಂದ ಹೊಳೆಯ ಕಡೆಗೆ ಹೋದರೆ ಹೊಲಗಳ ನಡುವೆ ಒಂದು ವಸ್ತಿ. ಹದಿನೈದು ಇಪ್ಪತ್ತು ಮನೆ. ಅದರ ತುದಿಗೆ ಸ್ವಲ್ಪ ಎತ್ತರದ ದಿನ್ನೆಯ ಮೇಲೆ ರಾಮಗೊಂಡನ ಮನೆ. ನನಗಿಂತ ನಾಲ್ಕೈದು ವರ್ಷ ಚಿಕ್ಕವನು. ಎರಡು ಎಕರೆ ಕಬ್ಬು, ಎರಡು ಎಮ್ಮೆ. ಹೆಂಡತಿ ಅಕ್ಕಾತಾಯಿ. ಮಗಳು ಮದುವೆಯಾಗಿ ರಾಯಬಾಗಕ್ಕೆ ಹೋಗಿದ್ದಳು. ನಾನು ಹೋದ ದಿನ ಗಂಡಹೆಂಡತಿ ಇಬ್ಬರೂ ಅಂಗಳದ ಕೆಸರು ಬಳಿಯುತ್ತಿದ್ದರು.

“ನೀರು ಎಲ್ಲಿ ತನಕ ಬಂದಿತ್ತು?” ಎಂದೆ.

ರಾಮಗೊಂಡ ಮೆಟ್ಟಿಲು ತೋರಿಸಿದ. ಐದು ಮೆಟ್ಟಿಲಿನಲ್ಲಿ ಮೂರನೆಯದರ ಮೇಲೆ ರಾಡಿಯ ಗೆರೆ ಇತ್ತು. “ಮೂರನೇ ಪಾವಟಿಗೆ ನಿಂತಿತ್ತ ನೋಡ್ರಿ. ಒಳಗ ಒಂದ ಹನಿ ಬರ್ಲಿಲ್ಲ. ಈ ದಿನ್ನಿ ನಮ್ಮಪ್ಪ ಏರಿಸಿದ್ದು. ಕತ್ತೀ ಬೆನ್ನಿನ ಮ್ಯಾಲ ಮಣ್ಣ ಹೇರಿ ಹೇರಿ ನಾಕ ಬ್ಯಾಸಗಿ ದುಡದಾನ. ಊರ ಮಂದಿ ನಕ್ಕಿದ್ರು. ಈಗ ನೋಡ್ರಿ, ವಸ್ತ್ಯಾಗ ಒಣಗಿ ಉಳದದ್ದು ನಮ್ಮ ಮನಿ ಒಂದ.”

“ಎಷ್ಟು ದಿನ ಇತ್ತು ನೀರು?”

ಇದಕ್ಕೆ ಅಕ್ಕಾತಾಯಿ ಉತ್ತರ ಕೊಟ್ಟಳು. “ಎಂಟ ದಿನಾರಿ. ನಾಕೂ ಕಡಿ ನೀರ. ಹಿಟ್ಟ ತೀರಿತ್ತು. ಕುದಿಸಿದ ಜ್ವಾಳ ತಿಂದೇವಿ. ಎಮ್ಮಿಗೆ ಮಾಳಿಗಿ ಮ್ಯಾಲಿನ ಹುಲ್ಲ ಕಿತ್ತ ಹಾಕೇವಿ.”

ನಾನು ಎಲ್ಲವನ್ನೂ ಕೇಳಿಸಿಕೊಂಡೆ. ಆಮೇಲೆ ಜಿಪಿಎಸ್ ಹಿಡಿದು ದಿನ್ನೆಯ ಸುತ್ತ ರಾಡಿಯ ಗುರುತಿನ ಮೇಲೇ ಹೆಜ್ಜೆ ಇಟ್ಟು ಒಂದು ಸುತ್ತು ಬಂದೆ. ಕಚೇರಿಯಲ್ಲಿ ಅದನ್ನು ಕಂಪ್ಯೂಟರಿಗೆ ಇಳಿಸಿದಾಗ ನೀರಿನ ದೊಡ್ಡ ನೀಲಿ ತುಂಡಿನ ನಡುವೆ ಒಂದು ಸಣ್ಣ ಬಿಳಿ ತೂತು ಬಿತ್ತು. ಬೇರೆ ಭೂಮಾಪಕರ ನಕ್ಷೆಯಲ್ಲಿ ಅಂಥದು ಇರಲಿಲ್ಲ. ಅವರು ಅಷ್ಟು ನಡೆದೇ ಇರಲಿಲ್ಲ. ನನ್ನ ಮೇಲಧಿಕಾರಿ ಮೈಸೂರು ಕಡೆಯವರು, ಕೆಲಸದಲ್ಲಿ ಗಟ್ಟಿಗರು. ನನ್ನ ನಕ್ಷೆಯನ್ನು ಎಲ್ಲರಿಗೂ ತೋರಿಸಿ, “ನೋಡ್ರಪ್ಪಾ, ಕೆಲಸ ಅಂದ್ರೆ ಹೀಗಿರಬೇಕು” ಎಂದರು. ಆ ದಿನ ನನಗೆ ಖುಷಿಯಾಗಿತ್ತು ಎಂಬುದನ್ನು ಮುಚ್ಚಿಡುವುದಿಲ್ಲ.

ಪಟ್ಟಿಯನ್ನು ಕಂಪ್ಯೂಟರ್ ತಾನೇ ತೆಗೆಯಿತು. ನೀಲಿಯ ಒಳಗೆ ಇರುವ ಮನೆಗಳು ಯಾವುವು ಎಂದು ಕೇಳಿದರೆ ಅದು ಹೆಸರು ಕೊಡುತ್ತದೆ. ತೂತಿನಲ್ಲಿ ಇದ್ದ ಮನೆ ನೀಲಿಯ ಒಳಗೆ ಇಲ್ಲ. ವಸ್ತಿಯ ಎಲ್ಲರಿಗೂ ಮಡ್ಡಿಯ ಮೇಲೆ ನಿವೇಶನ ಬಂತು, ರಾಮಗೊಂಡನಿಗೆ ಬರಲಿಲ್ಲ.

ಅವನು ಕಚೇರಿಗೆ ಬಂದ. ಕೈಯಲ್ಲಿ ಒಂದು ಚೀಲ, ಅದರಲ್ಲಿ ಉತಾರದ ಪ್ರತಿ. “ಸಾಹೇಬ್ರ, ಎಲ್ಲಾರೂ ಹೊಂಟಾರ. ಬಾಜೂದ ಮನಿಯಾವ್ರು ಮಾಡಿನ ಪತರಾ ಬಿಚ್ಚಾಕತ್ತಾರ. ನಾವಿಬ್ರ ಅಲ್ಲಿ ಹೆಂಗ ಇರೂದು?” ಎಂದ. ನಾನು ಅವನನ್ನು ಮೇಲಧಿಕಾರಿಯ ಮುಂದೆ ನಿಲ್ಲಿಸಿದೆ.

ಅವರು ನಮೂನೆ ತೆಗೆದು ತೋರಿಸಿದರು. ಅದರಲ್ಲಿ ಒಂದು ಕಾಲಂ: ನೀರು ಮನೆಯೊಳಗೆ ಬಂದಿತ್ತೇ, ಹೌದು ಅಥವಾ ಇಲ್ಲ. “ನೋಡಿ, ಸುತ್ತ ಇತ್ತು ಅಂತ ಬರೆಯೋಕೆ ಇಲ್ಲಿ ಜಾಗ ಇಲ್ಲ. ನೀರು ಒಳಗೆ ಬಂದಿತ್ತು ಅಂತ ನೀವು ಬರೆದು ಸಹಿ ಮಾಡಿಕೊಡಿ, ಕಾಂಬಳೆ ಗೆರೆ ಸರಿಮಾಡ್ತಾರೆ. ಮುಗೀತು,” ಎಂದರು. ಅವರು ಕೆಟ್ಟವರಲ್ಲ. ಹಾದಿ ಇದ್ದದ್ದು ಅದೊಂದೇ, ಅದನ್ನು ತೋರಿಸಿದರು.

ರಾಮಗೊಂಡ ಪೆನ್ನು ಹಿಡಿದು ನಮೂನೆಯ ಮೇಲೆ ಬಾಗಿದ. ಆಮೇಲೆ ಮೇಜಿನ ಮೇಲೆ ಇಟ್ಟುಬಿಟ್ಟ.

“ಬಂದಿಲ್ರಿ ಒಳಗ. ಬಂತು ಅಂತ ಹೆಂಗ ಬರೀಲಿ? ನಮ್ಮಪ್ಪ ಇದಕ್ಕಂತ ಬೆನ್ನ ಮುರಕೊಂಡ ಸತ್ತಾನ.”

“ನಿಮ್ಮಿಷ್ಟ,” ಎಂದರು ಅಧಿಕಾರಿ.

ಅವನು ಹೋದ ಮೇಲೆ ನಾನು ಒಂದು ಪತ್ರ ಬರೆದೆ. ಮನೆಯೊಳಗೆ ನೀರು ಬಾರದಿದ್ದರೂ ಹೊರಗೆ ಬರುವ ದಾರಿ ಮುಚ್ಚಿತ್ತು, ಆದ್ದರಿಂದ ಇಂಥ ಮನೆಯನ್ನೂ ಬಾಧಿತ ಎಂದು ಎಣಿಸಬೇಕು ಎಂದು. ಎರಡು ತಿಂಗಳಿಗೆ ಉತ್ತರ ಬಂತು: ನೀರು ಮನೆಯೊಳಗೆ ಬಂದಿತ್ತೇ, ಸ್ಪಷ್ಟಪಡಿಸುವುದು. ಮತ್ತೆ ಬರೆದೆ. ಮತ್ತೆ ಅದೇ ಬಂತು. ಮೂರನೆಯ ಸಲ ನಾನು ಬರೆಯಲಿಲ್ಲ. ಮೇಜಿನ ಮೇಲೆ ಬೇರೆ ಕಡತಗಳಿದ್ದವು, ಸಂಜೆಗೆ ಅಳಿಸಬೇಕಾದ ಕೆಂಪು ಚುಕ್ಕೆಗಳಿದ್ದವು. ದಣಿದಿದ್ದೆ. ಈ ಕೆಲಸದಲ್ಲಿ ಜನ ಕೆಡುವುದು ಲಂಚದಿಂದ ಮಾತ್ರ ಎಂದು ನಿಮಗೆ ಹೇಳುತ್ತಾರೆ. ನಾನು ಕೆಟ್ಟದ್ದು ಆ ದಣಿವಿನಿಂದ.

ಮತ್ತೊಂದು ಪ್ರವಾಹ ಬಂತು. ಈ ಸಲ ಮೇಲಿನವರು ಮೊದಲೇ ತಯಾರಾಗಿದ್ದರು. ಎಲ್ಲೆಲ್ಲಿ ಜನರಿದ್ದಾರೆ, ದೋಣಿ ಎಲ್ಲಿಗೆ ಹೋಗಬೇಕು ಎಂಬ ಪಟ್ಟಿಯನ್ನು ನಮ್ಮ ನಕ್ಷೆಯಿಂದಲೇ ತೆಗೆದಿದ್ದರು. ಆ ವಸ್ತಿಯ ಮನೆಗಳೆಲ್ಲ ಮಡ್ಡಿಗೆ ಹೋಗಿವೆ ಎಂದು ದಾಖಲಾಗಿತ್ತು. ತೂತಿನಲ್ಲಿದ್ದ ಮನೆ ಮೊದಲಿನಿಂದಲೂ ಪಟ್ಟಿಯಲ್ಲಿ ಇರಲಿಲ್ಲ. ಹಾಗಾಗಿ ಅಲ್ಲಿಗೆ ದೋಣಿ ಬೇಕಾಗಿರಲಿಲ್ಲ. ಇದು ನನಗೆ ಆಗ ಗೊತ್ತಿರಲಿಲ್ಲ. ನನ್ನನ್ನು ಅಥಣಿಯ ಕಡೆ ಒಂದು ಗಂಜಿ ಕೇಂದ್ರದ ಮೇಲ್ವಿಚಾರಣೆಗೆ ಹಾಕಿದ್ದರು. ರಾಮಗೊಂಡ ಅಲ್ಲೇ ಇದ್ದಾನೆ ಎಂಬುದು ಮಾತ್ರ ಗೊತ್ತಿತ್ತು. ಒಂದು ಫೋನ್ ಮಾಡಬಹುದಿತ್ತು. ಯಾರಾದರೂ ನೋಡಿರುತ್ತಾರೆ ಎಂದುಕೊಂಡೆ.

ಮುಂದಿನದನ್ನು ಅಕ್ಕಾತಾಯಿ ನನಗೆ ಹೇಳಿದ್ದು. ಮೂರನೆಯ ದಿನ ಬೆಳಿಗ್ಗೆ ಎಮ್ಮೆಗೆ ಹುಲ್ಲು ಹಾಕಲು ಹೋದ ರಾಮಗೊಂಡನಿಗೆ ಹಾವು ಕಡಿಯಿತು. ಸುತ್ತಲಿನ ಹೊಲ ಮುಳುಗಿದಾಗ ಹುಳುಹುಪ್ಪಡಿಗಳಿಗೂ ಒಣ ಜಾಗ ಅದೊಂದೇ. ಫೋನಿನಲ್ಲಿ ಚಾರ್ಜ್ ಇರಲಿಲ್ಲ. ಅವಳು ಮಾಳಿಗೆ ಹತ್ತಿ ಕೆಂಪು ಸೀರೆ ಬೀಸಿದಳು. ದೂರದಲ್ಲಿ ಎರಡು ಸಲ ದೋಣಿ ಹಾದುಹೋಯಿತು. ಅದರಲ್ಲಿದ್ದವರು ಅವಳನ್ನು ಕಂಡಿರಲಿಲ್ಲ, ಇಲ್ಲವೆ ಕಂಡರೂ ಪಟ್ಟಿಯಲ್ಲಿದ್ದ ಮನೆಗಳನ್ನು ಮೊದಲು ಮುಗಿಸಬೇಕಿತ್ತು. ಮಧ್ಯಾಹ್ನ ಇಳಿಯುವಾಗ ಮೀನು ಹಿಡಿಯುವ ಒಬ್ಬ ತನ್ನ ಸಣ್ಣ ದೋಣಿಯಲ್ಲಿ ಬಂದ. ಅಲ್ಲಿಂದ ಜೀಪು, ಜೀಪಿನಿಂದ ಮಿರಜದ ಆಸ್ಪತ್ರೆ. ಜೀವ ಉಳಿಯಿತು. ಬಲಗಾಲನ್ನು ಮೊಣಕಾಲಿನ ಕೆಳಗೆ ತೆಗೆದರು.

ಸುದ್ದಿ ತಿಳಿದದ್ದು ಹತ್ತು ದಿನದ ಮೇಲೆ. ಮಿರಜಕ್ಕೆ ಹೋದೆ. ದೊಡ್ಡ ವಾರ್ಡಿನ ತುದಿಯ ಮಂಚದ ಮೇಲೆ ಅವನು ಮಲಗಿದ್ದ. ಅಕ್ಕಾತಾಯಿ ಕೆಳಗೆ ಚಾಪೆಯ ಮೇಲೆ ಕೂತು ಜೋಳದ ಭಾಕರಿ ಮುರಿಯುತ್ತಿದ್ದಳು. ನನ್ನನ್ನು ಕಂಡು ಎದ್ದು ಸ್ಟೂಲು ಕೊಟ್ಟಳು. ನಾನು ಕೂರಲಿಲ್ಲ.

“ರಾಮಗೊಂಡಾ, ಆ ಗೆರಿ ಎಳದಾಂವ ನಾನ. ನಿಮ್ಮ ಮನಿ ಹೊರಗ ಬಿಟ್ಟಾಂವ ನಾನ,” ಎಂದೆ. ದಾರಿಯುದ್ದಕ್ಕೂ ಬೇರೆ ಬೇರೆ ಮಾತು ಜೋಡಿಸಿಕೊಂಡು ಹೋಗಿದ್ದೆ. ಬಂದದ್ದು ಇಷ್ಟೇ.

ಅವನು ಹೊದಿಕೆ ಸರಿಮಾಡಿಕೊಂಡ. “ನೀವ ಏನ ಮಾಡ್ತೀರಿ ಬಿಡ್ರಿ. ಇದ್ದದ್ದ ಬರದೀರಿ. ನೀರ ಒಳಗ ಬಂದಿದ್ದಿಲ್ಲ. ನಾನೂ ಬಂದಿಲ್ಲ ಅಂತನ ಹೇಳೇನಿ.”

ಅಕ್ಕಾತಾಯಿ ಭಾಕರಿಯ ತುಂಡನ್ನು ತಟ್ಟೆಯಲ್ಲಿಟ್ಟಳು. “ಇಬ್ರೂ ಖರೇ ಹೇಳೀರಿ,” ಎಂದಳು. ದನಿ ಏರಿಸಲಿಲ್ಲ. “ಮಾಳಿಗಿ ಮ್ಯಾಲ ನಿಂತ ಸೀರಿ ಬೀಸಿದಾಕಿ ನಾನ. ನನ್ನ ಯಾರ ಕೇಳಿದ್ರಿ? ನೀರ ಒಳಗ ಬಂತೋ ಇಲ್ಲೋ ಅಂತ ಕೇಳಿದ್ರಿ. ಹೊರಗ ಹೋಗಾಕ ಬರ್ತಿತ್ತೋ ಇಲ್ಲೋ ಅಂತ ಒಬ್ರಾರ ಕೇಳಿದ್ರೇನ?”

ನಾನು ಕೇಳಿರಲಿಲ್ಲ. ಎಂಟು ದಿನ ನಾಲ್ಕೂ ಕಡೆ ನೀರು ಎಂದು ಅವಳೇ ಹೇಳಿದ್ದಳು, ನಾನು ಕೇಳಿಸಿಕೊಂಡಿದ್ದೆ. ಅದನ್ನು ಬರೆಯುವ ಜಾಗ ನಮೂನೆಯಲ್ಲಿ ಇರಲಿಲ್ಲ. ಜಾಗವಿಲ್ಲದ ಮಾತು ಎರಡು ಪತ್ರಗಳ ನಂತರ ನನ್ನ ತಲೆಯಿಂದಲೂ ಬಿದ್ದುಹೋಗಿತ್ತು.

ಆ ವಾರವೇ ನಾನು ಮರುಪರಿಶೀಲನೆಯ ವರದಿ ಬರೆದೆ. ‘ಸ್ಥಳಕ್ಕೆ ಭೇಟಿ ನೀಡಿ ನೋಡಲಾಗಿ, ಮನೆಯ ಒಳಗೆ ನೀರು ಪ್ರವೇಶಿಸಿದ್ದು ಕಂಡುಬಂದಿರುತ್ತದೆ.’ ರಾಮಗೊಂಡ ಆಸ್ಪತ್ರೆಯ ಮಂಚದ ಮೇಲೇ ಸಹಿ ಮಾಡಿದ. ಸಹಿ ಮಾಡುವಾಗ ನನ್ನ ಮುಖ ನೋಡಲಿಲ್ಲ. “ನಮ್ಮಪ್ಪ ಇದ್ದಿದ್ರ ಕಪಾಳಕ್ಕ ಹೊಡಿತಿದ್ದ,” ಎಂದು ಮಾತ್ರ ಅಂದ. ನಾನು ಕಂಪ್ಯೂಟರಿನಲ್ಲಿ ಆ ಬಿಳಿ ತೂತನ್ನು ಆರಿಸಿ ಅಳಿಸಿದೆ. ನೀಲಿ ತುಂಬಿಕೊಂಡಿತು. ಒಂದು ಗುಂಡಿ ಒತ್ತುವಷ್ಟೇ ಕೆಲಸ. ಮೇಲಧಿಕಾರಿಗೆ ಎಲ್ಲ ಗೊತ್ತಿತ್ತು. ಅವರು ಕಾಗದವನ್ನು ಎರಡು ಸಲ ಓದಿ, ಕನ್ನಡಕ ತೆಗೆದು ಒರೆಸಿ, ಸಹಿ ಹಾಕಿದರು. ನನ್ನ ಸೇವೆಯಲ್ಲಿ ಗೊತ್ತಿದ್ದೂ ಬರೆದ ಸುಳ್ಳು ಅದೊಂದೇ.

ನಿವೇಶನ ಸಿಕ್ಕಿತು. ಅಲ್ಲಿಗೆ ಗಡಿಕಲ್ಲು ಹಾಕಲು ನಾನೇ ಹೋಗಿದ್ದೆ. ಮಡ್ಡಿಯ ಮೇಲೆ ಎರಡು ಖೋಲಿಯ ಮನೆ ಎದ್ದಿತು. ಗಂಡಹೆಂಡತಿ ಅಲ್ಲಿಗೆ ಹೋದರು. ಎಮ್ಮೆಗಳನ್ನು ಮಾತ್ರ ದಿನ್ನೆಯ ಮೇಲೇ ಕಟ್ಟುತ್ತಿದ್ದರು, ಮೇವು ಅಲ್ಲಿತ್ತು. ರಾಮಗೊಂಡ ಕೃತಕ ಕಾಲು ಹಾಕಿಕೊಂಡು ದಿನಾ ಹೋಗಿಬರುವುದನ್ನು ಕಲಿತ. ನಾನು ನಿವೃತ್ತನಾದೆ. ಶಾಲು, ಪೇಡೆ, ಆ ಮಾತುಗಳು. ಅದನ್ನು ಆಗಲೇ ಹೇಳಿದೆ.

ಇಷ್ಟಕ್ಕೇ ಮುಗಿದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ಈ ವರ್ಷ ಮಳೆಗಾಲಕ್ಕೆ ಮುಂಚೆ ಒಂದು ಫೋನ್ ಬಂತು. ಹೊಸದಾಗಿ ಸೇರಿದ ಭೂಮಾಪಕಿ ದೀಪಾ. ಬೈಲಹೊಂಗಲ ಕಡೆಯ ಹುಡುಗಿ, ಕೆಲಸಕ್ಕೆ ಬಂದು ವರ್ಷವಾಗಿಲ್ಲ.

“ಸರ್, ಒಂದ ಡೌಟ್ ಇತ್ರಿ. ನೀರ ಬಂದ್ರ ದನಾ ಕಟ್ಟಾಕ ಎತ್ತರದ ಜಾಗಾ ಹುಡುಕಾಕತ್ತೇವ್ರಿ. ಒಂದ ದಿನ್ನಿ ಐತಿ. ಎತ್ತರ ನೋಡಿದ್ರ ಸುತ್ತಲಿಂದಕಿಂತ ಭಾಳ ಮ್ಯಾಲ ಐತ್ರಿ. ನಿಮ್ಮ ನಕ್ಷಾದಾಗ ನೋಡಿದ್ರ ಅದರ ಮ್ಯಾಲ ನೀರ ಹರದೈತಿ. ಎರಡೂ ಕೂಡವಲ್ವು. ಯಾವುದು ಖರೇರಿ?”

ಮನೆ ಮಡ್ಡಿಗೆ ಹೋದರೂ ದನಗಳನ್ನು ಹೊಲದಲ್ಲೇ ಕಟ್ಟುತ್ತಿದ್ದ ಹತ್ತು ಹನ್ನೆರಡು ಜನ ರೈತರು ಅವಳನ್ನು ಕೇಳಿದ್ದರಂತೆ. ನೀರು ಬಂದರೆ ತಮ್ಮ ದನಗಳನ್ನೂ ಆ ದಿನ್ನೆಗೇ ಹೊಡೆದುಕೊಂಡು ಹೋಗುತ್ತೇವೆ, ಅಲ್ಲಿಗೆ ಮೇವು ಕಳಿಸಿ ಎಂದು. ನಕ್ಷೆಯಲ್ಲಿ ಅದು ಮುಳುಗುವ ಜಾಗ. ಮುಳುಗುವ ಜಾಗಕ್ಕೆ ಮೇವು ಮಂಜೂರಾಗುವುದಿಲ್ಲ. ನಾನು ಒಂದು ಮನೆಗಾಗಿ ಬರೆದ ಸುಳ್ಳು ಈಗ ಇಡೀ ವಸ್ತಿಯ ದನಗಳ ಹೊಟ್ಟೆಗೆ ಅಡ್ಡ ಬಂದಿತ್ತು.

ಗೊತ್ತಿಲ್ಲಮ್ಮ, ಹಳೇ ಕಾಲದ ಅಳತೆ ಎಂದುಬಿಡಬಹುದಿತ್ತು. ಖರೆ ಹೇಳಿದರೆ ರಾಮಗೊಂಡನ ನಿವೇಶನ ಹೋಗಬಹುದು. ಸುಳ್ಳು ವರದಿ ಕೊಟ್ಟವನ ಪಿಂಚಣಿಯ ಗತಿ ಏನು ಎಂಬುದೂ ತಲೆಯಲ್ಲಿ ಸುಳಿಯಿತು.

“ಹಲೋ ಸರ್? ಕೇಳ್ತೇತ್ರಿ?”

“ನಕ್ಷಾ ತಪ್ಪೈತಿ ದೀಪಾ. ತಪ್ಪ ಮಾಡಿದಾಂವ ನಾನು. ಗೊತ್ತಿದ್ದ ಮಾಡೇನಿ,” ಎಂದೆ. ಆಮೇಲೆ ಕೂತು ಎಲ್ಲವನ್ನೂ ಹೇಳಿದೆ. ಕೊನೆಗೆ, “ಸರ್, ನಾಳೆ ಬರ್ತೀರೇನ್ರಿ? ಅಲ್ಲೇ ನಿಂತ ನೋಡೂಣು,” ಎಂದಳು.

ಮರುದಿನ ಬಸ್ಸು ಹಿಡಿದು ಹೋದೆ. ಅವಳು ಸ್ಕೂಟಿಯಲ್ಲಿ ಬಂದಿದ್ದಳು. ನಾವು ಬರುವ ಸುದ್ದಿಯನ್ನು ನಾನು ಹಿಂದಿನ ಸಂಜೆಯೇ ರಾಮಗೊಂಡನಿಗೆ ಹೇಳಿದ್ದೆ, ಯಾಕೆ ಬರುತ್ತೇವೆ ಎಂಬುದನ್ನೂ. ಗಂಡಹೆಂಡತಿ ಇಬ್ಬರೂ ದಿನ್ನೆಯ ಮೇಲೆ ಕಾಯುತ್ತಿದ್ದರು. ಅಕ್ಕಾತಾಯಿ ಸೀದಾ ದೀಪಾಳನ್ನೇ ಕೇಳಿದಳು.

“ಅವ್ವೀ, ನೀ ಖರೇ ಬರದ್ರ ನಮ್ಮ ಜಾಗಾ ಹೋಗತೈತೇನ?”

ದೀಪಾ ಅವಳ ಪಕ್ಕದಲ್ಲಿ ಕೂತಳು. “ಕಾಕೂ, ನಿಮ್ಮ ಮುಂದ ಸುಳ್ಳ ಹೇಳೂದಿಲ್ಲ. ಒಂದ ಗೆರಿ ಇದ್ರ ಹೋಗತೈತಿ. ನಾ ಎರಡ ಗೆರಿ ಎಳಿಬೇಕಂತ ಮಾಡೇನಿ. ನೀರ ಎಲ್ಲಿ ತನಕ ಬಂತು ಅನ್ನೂದ ಒಂದು. ಎಲ್ಲೆಲ್ಲಿಂದ ಮಂದಿ ನಡಕೊಂಡ ಹೊರಗ ಬರಾಕ ಆಗೂದಿಲ್ಲ ಅನ್ನೂದ ಇನ್ನೊಂದು. ಮೊದಲನೇದ್ರಾಗ ನಿಮ್ಮ ಮನಿ ಇರೂದಿಲ್ಲ. ಎರಡನೇದ್ರಾಗ ಇರತೈತಿ, ನಿಮ್ಮ ಜಾಗಾ ಅದರ ಮ್ಯಾಲ ಉಳಿಬೇಕು. ದನಾನೂ ಇಲ್ಲಿ ಕಟ್ಟಬಹುದು, ದೋಣಿನೂ ಇಲ್ಲಿಗಿ ಬರಬೇಕು.”

“ಮ್ಯಾಲಿನವ್ರು ಒಪ್ಪತಾರೇನ?”

“ಗೊತ್ತಿಲ್ರಿ. ಬರದ ಕಳಸ್ತೇನಿ. ವಾಪಸ್ ಬಂದ್ರ ಮತ್ತ ಕಳಸ್ತೇನಿ.”

ಎರಡು ಗೆರೆ. ಇಷ್ಟು ವರ್ಷ ಗೆರೆಗಳನ್ನೇ ಎಳೆದ ನನಗೆ ಅದು ಹೊಳೆದಿರಲಿಲ್ಲ. ಒಂದು ಕೇಳಿದರು, ಒಂದು ಕೊಟ್ಟೆ. ಮೂರನೆಯ ಪತ್ರವನ್ನು ನಾನು ಬರೆಯಲಿಲ್ಲ ಎಂಬುದನ್ನು ಅವಳಿಗೆ ಹೇಳಬೇಕೆನಿಸಿತು. ಹೇಳಿದೆ. ಅವಳು ಹೂಂ ಎಂಬಂತೆ ತಲೆಯಾಡಿಸಿದಳು.

ಅಕ್ಕಾತಾಯಿ ಗಂಡನ ಮುಖ ನೋಡಿದಳು. ರಾಮಗೊಂಡ ಮೂರನೆಯ ಮೆಟ್ಟಿಲಿನ ಮೇಲೆ ಕೈಯಾಡಿಸುತ್ತ ಕೂತಿದ್ದ. “ಬರೀಲಿ ಬಿಡ,” ಎಂದ. “ನೀರ ಒಳಗ ಬಂದಿದ್ದಿಲ್ಲ ಅಂತ ಬರೀಲಿ. ಅಷ್ಟ ಸಾಕ ನನಗ.”

“ನಿಮಗ ಸಾಕು,” ಎಂದಳು ಅಕ್ಕಾತಾಯಿ. “ಅವ್ವೀ, ಎರಡನೇದ್ದ ಮೊದಲ ಎಳಿ.”

ದೀಪಾ ನಕ್ಕು ಎದ್ದು ಯಂತ್ರ ತೆಗೆದಳು. ದಾರಿ ಎಲ್ಲಿ ಮೊದಲು ಮುಚ್ಚುತ್ತದೆ ಎಂದು ಅವಳು ನನ್ನನ್ನು ಕೇಳಿದಳು. ನನಗೆ ಗೊತ್ತಿರಲಿಲ್ಲ. ರಾಮಗೊಂಡ ಕೋಲು ಊರಿ ಎದ್ದ. ನಾನು ತೋರಸ್ತೇನಿ ಬರ್ರಿ ಎಂದು ದಿನ್ನೆ ಇಳಿಯತೊಡಗಿದ. ಅವನ ಹೆಜ್ಜೆಗೆ ಹೆಜ್ಜೆ ಹಾಕಿ ದೀಪಾ ನಡೆದಳು. ನನ್ನ ಮೊಣಕಾಲಿಗೆ ಇಳಿಜಾರು ಆಗುವುದಿಲ್ಲ, ಮೇಲೆಯೇ ನಿಂತೆ. ಕಬ್ಬಿನ ಗಾಡಿಯ ಹಾದಿಯಲ್ಲಿ ಇಬ್ಬರೂ ಬಹಳ ದೂರ ಹೋದರು. ನೋಡುವವರಿಗೆ ಅಲ್ಲಿ ತಗ್ಗು ಇದೆ ಎಂದು ಅನಿಸುವುದೇ ಇಲ್ಲ, ನೆಲ ಎಲ್ಲ ಒಂದೇ ಸಮ ಕಾಣುತ್ತದೆ. ಒಂದು ಕಡೆ ರಾಮಗೊಂಡ ನಿಂತ. ಕೋಲಿನಿಂದ ನೆಲ ಕುಟ್ಟಿ ಏನೋ ಹೇಳಿದ. ದೀಪಾ ಅಲ್ಲಿ ಮಂಡಿಯೂರಿ ಯಂತ್ರವನ್ನು ನೆಲದ ಮೇಲಿಟ್ಟಳು. ಅದು ಲೆಕ್ಕ ಹಿಡಿಯುವವರೆಗೆ ಅವನು ಬಿಸಿಲಿನಲ್ಲಿ ಅವಳ ಪಕ್ಕದಲ್ಲಿ ನಿಂತೇ ಇದ್ದ.